ಎಂಟನೆಯ ಸೀಟು

ಇಂಡಿ ಊರಿನ ತಹಶೀಲ ಕಚೇರಿಯ ಪ್ರಹ್ಲಾದರಾಯರು ಜನ್ಮದಲ್ಲಿ ಒಂದು ಸೈಕಲ್ಲು ಕೂಡ ಇಟ್ಟವರಲ್ಲ. ಆದರೂ ದೇಶದ ಪೆಟ್ರೋಲು ಉಳಿಸುವ ಹೊಣೆಯನ್ನು ಯಾರೋ ತಮ್ಮ ಹೆಗಲಿಗೇ ಹೊರಿಸಿದ್ದಾರೆಂಬಂತೆ ಆ ವರ್ಷ ಓಡಾಡುತ್ತಿದ್ದರು. ಎಪ್ಪತ್ಮೂರರ ದೀಪಾವಳಿ ಮುಗಿದದ್ದೇ ತಡ, ಅರಬರ ಯುದ್ಧದ ನೆವದಿಂದ ಪೆಟ್ರೋಲಿನ ಬೆಲೆ ಒಮ್ಮೆಲೇ ಮುಗಿಲಿಗೇರಿತ್ತು. ಉಳಿತಾಯ ಮಾಡಿರೆಂದು ಪತ್ರಿಕೆಯಲ್ಲಿ ದಿನಾ ಬರುತ್ತಿತ್ತು. ರಾಯರು ಅದನ್ನು ಓದಿ ಓದಿ, ಮನೆಯಲ್ಲಿ ಒಂದು ಬಲ್ಬು ಉರಿಯುವಾಗ ಇನ್ನೊಂದು ಉರಿಯಕೂಡದೆಂದು ಕಟ್ಟಪ್ಪಣೆ ಮಾಡಿದರು. ಮಾತಾಡಲಿಕ್ಕೆ ಬೆಳಕು ಯಾಕೆ ಬೇಕೆಂದು ಊಟವಾದ ಕೂಡಲೇ ಆ ಒಂದನ್ನೂ ಆರಿಸಿ, ಹೆಂಡತಿ ಗೋದೂಬಾಯಿಗೆ ಕತ್ತಲೆಯಲ್ಲಿ ದೇಶದ ಪರಿಸ್ಥಿತಿ ತಿಳಿಸಿ ಹೇಳುತ್ತಿದ್ದರು. ಆ ತಾಯಿ ಆಗಲೇ ನಿದ್ದೆ ಹೋಗಿರುತ್ತಿದ್ದಳು.

ಇಂಥವರ ಒಬ್ಬಳೇ ಮಗಳು ನಲಿನಿ. ವಿಜಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಮಾಸ್ತರಿಕೆಯ ಟ್ರೇನಿಂಗು ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿ ಕೂತಿದ್ದಳು. ಕೊನೆಗೆ ಆರ್ಡರು ಬಂತು. ಮುದ್ದೇಬಿಹಾಳದ ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿ. ಗುರುವಾರ ಸಂಜೆ ಸಾಲೆಯ ಆಫೀಸು ಮುಚ್ಚುವುದರೊಳಗೆ ಹಾಜರಾಗಿ ರುಜು ಹಾಕಬೇಕು, ಇಲ್ಲದಿದ್ದರೆ ಯಾದಿಯಲ್ಲಿ ಮುಂದಿನ ಹೆಸರಿನವಳಿಗೆ ಹೋಗುತ್ತದೆ. ಆರ್ಡರು ಕೈಗೆ ಬಂದದ್ದು ಹಿಂದಿನ ಶನಿವಾರ. ಬೇರೆ ಯಾರಾದರೂ ಆಗಿದ್ದರೆ ರವಿವಾರವೇ ಹೊರಟು ಹೋಗಿಬಿಡುತ್ತಿದ್ದರು. ರಾಯರು ಪಂಚಾಂಗ ತೆಗೆದರು. ಸೋಮವಾರದ ನಕ್ಷತ್ರ ಅವರಿಗೆ ಸೇರಲಿಲ್ಲ. ಮಂಗಳವಾರ ಮಂಗಳವಾರವಾಗಿತ್ತು, ಅಷ್ಟೇ ಸಾಕಾಯಿತು. ಬುಧವಾರ ಕಚೇರಿಗೆ ದೊಡ್ಡ ಸಾಹೇಬರು ಬರುವವರಿದ್ದರು. ಹೀಗೆ ಕಡೆಯ ದಿನವೇ ಉಳಿಯಿತು. ಆ ಗುರುವಾರವೋ, ದಕ್ಷಿಣ ದಿಕ್ಕಿಗೆ ಶೂಲ ಇರುವ ದಿನ, ಆ ಕಡೆಗೆ ಪ್ರಯಾಣ ಕೂಡದು. ಮುದ್ದೇಬಿಹಾಳ ಇಂಡಿಗೆ ನೆಟ್ಟಗೆ ದಕ್ಷಿಣಕ್ಕಿದೆ.

ಅದಕ್ಕೂ ಒಂದು ದಾರಿ ಇತ್ತು, ಪ್ರಸ್ಥಾನ. ಹೊರಡುವ ದಿನ ಕೆಟ್ಟದ್ದಿದ್ದರೆ ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ ಒಂದು ಚೀಲವನ್ನು ಮನೆಯಿಂದ ಹೊರಗೆ ಹಾಕಿ ನೆರೆಯವರ ಮನೆಯಲ್ಲಿಡುವುದು. ಚೀಲ ಹೊರಟಿತೆಂದರೆ ಮನುಷ್ಯ ಹೊರಟಂತೆಯೇ ಲೆಕ್ಕ. ರಾಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಿಂದಗಿಯ ನಿಜಾಮುದ್ದೀನನ ಬಾಡಿಗೆ ಕಾರು ಬುಧವಾರ ಇಂಡಿಯಲ್ಲೇ ಮುಕ್ಕಾಂ ಮಾಡಿ ಗುರುವಾರ ಮುದ್ದೇಬಿಹಾಳದ ದಾರಿಯ ಬಾಗೇವಾಡಿಗೆ ಹೋಗುತ್ತಿತ್ತು. ನೆರೆಮನೆಯಲ್ಲಿಟ್ಟ ಚೀಲ ಅಲ್ಲೇ ಇರುತ್ತದೆ, ಕಾರಿನಲ್ಲಿಟ್ಟದ್ದು ತಾನೇ ಹೊರಡುತ್ತದಲ್ಲ ಎಂದು ಅವರ ತರ್ಕ. ಆರ್ಡರು, ಸರ್ಟಿಫಿಕೇಟುಗಳು, ಒಂದು ಸೀರೆ, ಹಿಡಿ ಅಕ್ಕಿ, ಅರಿಷಿಣಕೊಂಬು ಎಲ್ಲ ಒಂದು ಖಾದಿ ಚೀಲಕ್ಕೆ ತುಂಬಿ, ಬುಧವಾರ ಮುಂಜಾನೆ ಒಳ್ಳೆಯ ಗಳಿಗೆಯಲ್ಲಿ ಒಯ್ದು ಕಾರಿನ ಡಿಕ್ಕಿಯಲ್ಲಿಟ್ಟು ಬಂದರು.

"ಆರ್ಡರ ಒಂದ ಕೈಯಾಗ ಇರಬಾರದೇನ ಅಪ್ಪಾ?" ಎಂದಳು ನಲಿನಿ, ಮೆಲ್ಲಗೆ. ಆ ಮನೆಯಲ್ಲಿ ಹೆಣ್ಣುಮಕ್ಕಳು ಮೆಲ್ಲಗೇ ಮಾತಾಡುವುದು. ಪಡಸಾಲೆಯಲ್ಲಿ ಕೂತವರಿಗೆ ಅಡಿಗೆಮನೆಯ ಮಾತು ಕೇಳಿಸಿದರೆ ರಾಯರು ಕೆಮ್ಮುತ್ತಿದ್ದರು.

"ಆರ್ಡರಿನ ಸಲುವಾಗೇ ಪ್ರಸ್ಥಾನ ಇಟ್ಟದ್ದು. ಈಗ ಆ ಚೀಲ ಊರ ಮುಟ್ಟೋತನಕ ಕೈಲೆ ಮುಟ್ಟಬಾರದು, ಅದರ ಹೆಸರೂ ತಗೀಬಾರದು. ತಗದ್ರ ಕೆಟ್ಟಿತು," ಎಂದರು ರಾಯರು. ಈ ಎರಡನೆಯ ಕಟ್ಟಳೆ ಯಾವ ಶಾಸ್ತ್ರದಲ್ಲಿತ್ತೋ ದೇವರೇ ಬಲ್ಲ. ನಲಿನಿ ಅಡಿಗೆಮನೆಗೆ ಮರಳಿದಳು.

ಗುರುವಾರ ಮುಂಜಾನೆ ಬಸ್ಸಿತ್ತು. ಅದು ವಿಜಾಪುರದ ಮೇಲೆ ಸುತ್ತು ಹಾಕಿ ಹೋಗುತ್ತಿತ್ತು. ಸುತ್ತು ಹಾಕಿ ಹೋಗುವುದೆಂದರೆ ರಾಷ್ಟ್ರಕ್ಕೆ ನಷ್ಟವೆಂದು ರಾಯರು ಬೇಡವೆಂದರು. ಅಲ್ಲದೆ ಚೀಲ ಕಾರಿನಲ್ಲಿತ್ತು. ಕಾರಿನವರದ್ದು ಆಗ ಬೇರೆಯೇ ಒಂದು ಕರಾರು ನಡೆದಿತ್ತು. ಬೆಲೆ ಏರಿದ ಮೇಲೆ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ಬಾಡಿಗೆ ಕಾರಿನವರೆಲ್ಲ ಕೂಡಿ, ಎಂಟು ಸೀಟು ತುಂಬದೆ ಯಾರೂ ಗಾಡಿ ಬಿಡಬಾರದೆಂದು ಮಾತಾಡಿಕೊಂಡಿದ್ದರು. ಮುಂದೆ ಡ್ರೈವರನ ಜೊತೆ ಮೂವರು, ಹಿಂದೆ ಐವರು. ತುಂಬುವವರೆಗೆ ಕಾಯಬೇಕು. ಇಂಡಿಯ ಸ್ಟ್ಯಾಂಡಿನಲ್ಲಿ ನಿಜಾಮುದ್ದೀನನ ಕಾರು ತುಂಬುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಹಿಂದಿನ ಸೀಟಿನ ಮೂಲೆಯಲ್ಲಿ ಮುದುಡಿ ಕೂತ ನಲಿನಿಯ ಮನಸ್ಸು ಆಗಲೇ ಮುದ್ದೇಬಿಹಾಳದ ಆಫೀಸಿನ ಬಾಗಿಲಲ್ಲಿತ್ತು.

ತಾಂಬಾ ದಾಟಿದ ಮೇಲೆ ಒಂದು ಇಳಿಜಾರು ಬಂತು. ನಿಜಾಮುದ್ದೀನ ಚಾವಿ ತಿರುವಿ ಇಂಜಿನ್ನು ಬಂದ್ ಮಾಡಿದ. ಗಾಡಿ ಸದ್ದಿಲ್ಲದೆ ಉರುಳತೊಡಗಿತು. ಬರೀ ಗಾಳಿ, ಟಾಯರಿನ ಕೆಳಗೆ ಕಲ್ಲು ಸಿಡಿಯುವ ಸಪ್ಪಳ. ನಲಿನಿ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

"ಶಾಬ್ಬಾಸ್," ಎಂದರು ಮುಂದಿನ ಸೀಟಿನಲ್ಲಿದ್ದ ರಾಯರು. "ಇದಕ್ಕ ಅಂತಾರ ಉಳಿತಾಯ ಅಂತ."

"ಏನ ಮಾಡೂದ್ರಿ ರಾಯರ, ಒಂದ ಹನಿ ಬಿದ್ರ ಜೀವಾ ಚುರ್ ಅಂತೈತಿ," ಎಂದ ನಿಜಾಮುದ್ದೀನ. ಇಳಿಜಾರಿನ ಬುಡಕ್ಕೆ ಬಂದ ಮೇಲೂ ಅವನು ಇಂಜಿನ್ನು ಹಚ್ಚಲಿಲ್ಲ. ಗಾಡಿ ತೆವಳುತ್ತ ತೆವಳುತ್ತ, ಇನ್ನೇನು ನಿಂತೇ ಹೋಯಿತು ಎನ್ನುವಾಗ ಚಾವಿ ತಿರುವಿದ. ದಾರಿಯುದ್ದಕ್ಕೂ ಹೀಗೇ ನಡೆಯಿತು. ರಾಯರಿಗೆ ಒಂದೊಂದು ಇಳಿಜಾರೂ ಒಂದೊಂದು ಹಬ್ಬವಾಗಿತ್ತು. ಮಗಳಿಗೆ ಮಾತ್ರ ಗಾಡಿ ತೆವಳುವಾಗಲೆಲ್ಲ ತಾನೇ ಇಳಿದು ನೂಕಬೇಕೆನ್ನಿಸುತ್ತಿತ್ತು.

ಸಿಂದಗಿಯಲ್ಲಿ ನಾಲ್ಕು ಜನ ಇಳಿದರು. ಮತ್ತೆ ನಾಲ್ವರು ತುಂಬುವವರೆಗೆ ಕಾದರು. ದೇವರಹಿಪ್ಪರಗಿಯ ಕ್ರಾಸಿಗೆ ಬರುವಾಗ ಸೂರ್ಯ ನೆತ್ತಿಯ ಮೇಲಿದ್ದ. ಅಲ್ಲಿ ಐವರು ಇಳಿದುಬಿಟ್ಟರು. ಬಾಗೇವಾಡಿಗೆ ಹೋಗುವವರು ತಂದೆ, ಮಗಳು, ಇನ್ನೊಬ್ಬ ಬೆಲ್ಲದ ವ್ಯಾಪಾರಿ, ಹೀಗೆ ಮೂರೇ ಜನ ಉಳಿದರು. ಮೂವರಿಗಾಗಿ ಮುಂದೆ ಹೋಗಲಾರೆನೆಂದ ನಿಜಾಮುದ್ದೀನ. ಸುದೈವಕ್ಕೆ ವಿಜಾಪುರದಿಂದ ಬಂದ ಇನ್ನೊಂದು ಕಾರು ಬಾಗೇವಾಡಿಗೆ ಐದೇ ಸೀಟು ತುಂಬಿಕೊಂಡು ಅಲ್ಲಿ ನಿಂತಿತ್ತು. ಇಬ್ಬರು ಡ್ರೈವರುಗಳೂ ಬೀಡಿ ಹಚ್ಚಿ ಮಾತಾಡಿಕೊಂಡರು. ಮೂವರನ್ನು ಆ ಕಾರಿಗೆ ದಾಟಿಸಿದರೆ ಅದು ತುಂಬುತ್ತದೆ; ನಿಜಾಮುದ್ದೀನ ಇಲ್ಲಿಂದಲೇ ಸಿಂದಗಿಯ ಮಂದಿ ಹಾಕಿಕೊಂಡು ಹಿಂದಕ್ಕೆ ಹೋಗಬಹುದು.

ರಾಯರು ಇದನ್ನು ಕೇಳಿ ಹಿಗ್ಗಿದರು. ಎರಡು ಗಾಡಿಯ ಕೆಲಸ ಒಂದೇ ಗಾಡಿಯಲ್ಲಿ ಆಗುತ್ತದಲ್ಲ, ದಿಲ್ಲಿಯಲ್ಲಿ ಕೂತವರಿಗೂ ಇಂಥ ವಿಚಾರ ಹೊಳೆದಿಲ್ಲ ನೋಡ್ರಿ ಎಂದು ಬೆಲ್ಲದ ವ್ಯಾಪಾರಿಯ ಎದುರು ನಿಂತು ಭಾಷಣಕ್ಕೆ ಶುರು ಹಚ್ಚಿದರು. ಭಾಷಣ ಮಾಡುತ್ತಲೇ ಹೊಸ ಕಾರು ಹತ್ತಿದರು. ವ್ಯಾಪಾರಿ ತನ್ನ ಬೆಲ್ಲದ ಪೆಂಟೆಯನ್ನು ತಾನೇ ಎತ್ತಿ ಈ ಡಿಕ್ಕಿಯಿಂದ ಆ ಡಿಕ್ಕಿಗೆ ಹಾಕಿಕೊಂಡ. ನಲಿನಿ ಹತ್ತುವ ಮುಂಚೆ ಒಂದು ಕ್ಷಣ ನಿಂತಳು.

"ಅಪ್ಪಾ, ಚೀಲಾ..."

ರಾಯರು ಕಣ್ಣು ಅಗಲಿಸಿ ತುಟಿಯ ಮೇಲೆ ಬೆರಳಿಟ್ಟರು. "ಹೆಸರ ತಗೀಬ್ಯಾಡ ಅಂದೇನಲ್ಲಾ. ಸುಮ್ಮ ಹತ್ತು."

ತಂದೆಯೇ ಹೇಳಿ ಇಡಿಸಿರಬೇಕು ಎಂದುಕೊಂಡಳು. ತಿರುಗಿ ನೋಡುವುದೂ ಕೆಟ್ಟದ್ದಿರಬಹುದೆಂದು ನೋಡಲಿಲ್ಲ. ಮಗಳಿಗೆ ಬೆರಳು ತೋರಿಸಿದ ರಾಯರಾದರೂ ಡಿಕ್ಕಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಬಾರದಿತ್ತೇ? ಆದರೆ ಅವರ ಲೆಕ್ಕದಲ್ಲಿ ಚೀಲ ನಿನ್ನೆಯೇ ಹೊರಟಿತ್ತು, ಅದರ ಚಿಂತೆ ಮುಗಿದಿತ್ತು.

ಬಸವನ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಇಳಿದಾಗ ಎರಡು ಹೊಡೆದು ಹೋಗಿತ್ತು. ಡ್ರೈವರ ಡಿಕ್ಕಿಯ ಹಗ್ಗ ಬಿಚ್ಚಿದ. ಬೆಲ್ಲದ ಪೆಂಟೆ ಇತ್ತು, ಒಂದು ಹಳೆಯ ಟಾಯರು ಇತ್ತು. ರಾಯರು ಬಗ್ಗಿ ನೋಡಿದರು. ಟಾಯರನ್ನು ಸರಿಸಿ ನೋಡಿದರು. ಆಮೇಲೆ ಡಿಕ್ಕಿಯ ಅಂಚು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಚೀಲ ನಿಜಾಮುದ್ದೀನನ ಕಾರಿನಲ್ಲಿ ಹಿಂದಕ್ಕೆ, ಸಿಂದಗಿಗೆ ಹೊರಟುಹೋಗಿತ್ತು.

ನಲಿನಿಗೆ ಸಿಟ್ಟು ಬಂತು. ತಂದೆಯ ಮೇಲೆ ಅಂಥ ಸಿಟ್ಟು ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಆದರೆ ಅವರ ಮುಖ ನೋಡಿದಾಗ ಅದು ಅಲ್ಲೇ ಕರಗಿತು. ರಾಯರ ತುಟಿ ಬಿಳಿಚಿತ್ತು.

"ನಡಿ, ಹಿಂದಕ ಹೋಗೋಣು," ಎಂದರು. "ಈ ನೌಕರಿ ನಿನ್ನ ಹಣೀಬರಾದಾಗ ಇಲ್ಲ."

"ನೀವು ಹಿಂದಕ ಹೋಗಿ ಚೀಲಾ ತರ್ರಿ. ನಾ ಮುಂದ ಹೋಗಿ ಹಾಜರ ಆಗ್ತೇನಿ. ಸಾಲಿಯೊಳಗೂ ಆರ್ಡರಿನ ಒಂದು ನಕಲು ಬಂದಿರ್ತದ, ಟ್ರೇನಿಂಗಿನಾಗ ಹೇಳಿದ್ರು."

"ಒಬ್ಬಾಕೀನ? ಹುಚ್ಚು ಹಿಡದದೇನು? ಬಾವಿಗೂ ನಿನ್ನ ಒಬ್ಬಾಕೀನ್ನ ಕಳಿಸಿಲ್ಲ."

ಈ ಜಗಳ ಮನೆಯಲ್ಲಾಗಿದ್ದರೆ ರಾಯರೇ ಗೆಲ್ಲುತ್ತಿದ್ದರು. ಆದರೆ ಸಿಂದಗಿಯ ಕಡೆಗೆ ಹೊರಟ ಕಾರೊಂದು ಏಳು ಜನರನ್ನು ಹಾಕಿಕೊಂಡು ಹಾರ್ನು ಬಾರಿಸುತ್ತಿತ್ತು. ಒಂದೇ ಸೀಟು ಇತ್ತು. ಬಂದ್ರ ಬರ್ರಿ, ಇಲ್ಲಾಂದ್ರ ಇನ್ನ ಗಾಡಿ ಸಂಜೀಕ ಎಂದ ಅದರ ಡ್ರೈವರ. ಇಬ್ಬರಿಗೆ ಜಾಗವಿರಲಿಲ್ಲ. ಇಬ್ಬರೂ ಸಂಜೆಯವರೆಗೆ ನಿಂತರೆ ಚೀಲವೂ ಇಲ್ಲ, ನೌಕರಿಯೂ ಇಲ್ಲ. ರಾಯರು ಆ ಕಾರನ್ನೊಮ್ಮೆ ಮಗಳನ್ನೊಮ್ಮೆ ನೋಡಿದರು.

"ಹೆಂಗಸರ ಬಾಜೂ ಕೂಡು," ಎಂದರು, ಬಾಗಿಲಲ್ಲಿ ಒಂದು ಕಾಲಿಟ್ಟು. "ಯಾರ ಕೂಡನೂ ಮಾತಾಡಬ್ಯಾಡ. ತಲಿ ಎತ್ತಬ್ಯಾಡ." ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಬಾಗಿಲು ಬಡಿದುಕೊಂಡಿತು.

ನಲಿನಿ ಒಬ್ಬಳೇ ಉಳಿದಳು. ಹೆದರಿಕೆಯೆಂದರೆ ಅಂಥಿಂಥ ಹೆದರಿಕೆಯಲ್ಲ. ಸೆರಗನ್ನು ಮೈತುಂಬ ಹೊದ್ದುಕೊಂಡು ಮುದ್ದೇಬಿಹಾಳದ ಕಾರು ಎಲ್ಲಿದೆಯೆಂದು ಹುಡುಕಿದಳು. ಬೇವಿನ ಗಿಡದ ಕೆಳಗೆ ಕಾಸಿಂಸಾಬನ ಕಪ್ಪು ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡಿದ ಹೊನ್ನವ್ವ ಎಂಬ ಮುದುಕಿ ಕೂತಿದ್ದಳು. ಆಕೆ ಮುದ್ದೇಬಿಹಾಳದಲ್ಲಿ ಮಗಳ ಮನೆಗೆ ಹೊರಟವಳು. ಮುಂದೆ ತೊಗರಿಯ ಅಡತಿ ವ್ಯಾಪಾರಿ ಖಂಡೆಪ್ಪ ತಲೆಯ ಪಟಕಾ ಸರಿಮಾಡಿಕೊಳ್ಳುತ್ತ ಕೂತಿದ್ದ. ಇನ್ನಿಬ್ಬರು ಒಕ್ಕಲಿಗರು. ನಲಿನಿ ಸೇರಿ ಐವರಾದರು. ಇನ್ನೂ ಮೂರು ಸೀಟು ಬೇಕು.

ಕಾಸಿಂಸಾಬ ಗಿಡದ ಬುಡದಲ್ಲಿ ಕೂತು ಬಶಿಯಲ್ಲಿ ಚಹಾ ಹಾಕಿಕೊಂಡು ಊದುತ್ತಿದ್ದ. ಊದುತ್ತಿದ್ದ, ಕುಡಿಯುತ್ತಿದ್ದ, ಮತ್ತೆ ಹಾಕಿಕೊಳ್ಳುತ್ತಿದ್ದ. ಆ ಚಹಾ ಮುಗಿಯುವಂತೆ ಕಾಣಲಿಲ್ಲ. ಸ್ಟ್ಯಾಂಡಿನ ಗಡಿಯಾರದಲ್ಲಿ ಮೂರಾಗುತ್ತ ಬಂತು. ತಲೆ ಎತ್ತಬೇಡವೆಂದ ತಂದೆಯ ಮಾತನ್ನು ಅವಳು ಅಲ್ಲಿಗೇ ಮುರಿದಳು. ಇಳಿದು ಹತ್ತಿರ ಹೋದಳು.

"ಗಾಡಿ ಯಾವಾಗ ಬಿಡ್ತೀರಿ?"

"ತುಂಬಿದ ಮ್ಯಾಗ್ರಿ ಅಕ್ಕಾರ."

"ತುಂಬೋದು ಯಾವಾಗ? ಯಾರರೆ ಕೂಗಿ ಕರದ್ರ ಮಂದಿ ಬರ್ತಾರಲ್ಲ."

ಕಾಸಿಂಸಾಬ ನಕ್ಕ. "ಮದ್ಲ ಕೂಗತಿದ್ನಿರಿ. ಪೆಟ್ರೋಲ ದುಬಾರಿ ಆದಾಗಿಂದ ನನಗ ಅವಸರನ ಇಲ್ಲ. ಓಡಿದ್ರ ಖರ್ಚ, ಕೂತ್ರ ಏನ ಖರ್ಚ ಐತ್ರಿ? ಮಂದಿ ತಾವ ಬರ್ತಾರ, ಕೂಡ್ರಿ."

ದೇಶವೆಲ್ಲ ಪೆಟ್ರೋಲು ಉಳಿಸುತ್ತಿತ್ತು ನಿಜ. ಆದರೆ ಅದು ಹೀಗೆ ಗಿಡದ ಕೆಳಗೆ ಕೂತು ಚಹಾ ಕುಡಿದೇ ಉಳಿಯುತ್ತಿದೆಯೆಂದು ಪತ್ರಿಕೆಯಲ್ಲಿ ಬಂದಿರಲಿಲ್ಲ. ನಲಿನಿ ಕಾರಿನ ಹತ್ತಿರ ಬಂದು, ಮೈಯೆಲ್ಲ ಹಿಡಿಯಾಗಿ, ಖಂಡೆಪ್ಪನನ್ನು ಕೇಳಿದಳು. "ನಾ ಐದರೊಳಗ ಸಾಲಿ ಮುಟ್ಟಬೇಕ್ರಿ, ಇಲ್ಲಾಂದ್ರ ನೌಕರಿ ಹೋಗ್ತದ. ನೀವು ಒಂದೀಟು ಕೂಗ್ತೀರೇನು?"

ಖಂಡೆಪ್ಪ ಗಾಬರಿಯಾದ. "ಏ ತಂಗಿ, ನಾ ಅಡತಿ ಮನಷ್ಯಾ. ನಾಕ ಊರಾಗ ನಮ್ಮ ಅಂಗಡಿ ಹೆಸರ ಐತಿ. ಸೀಟಿಗೆ ಕೂಗಾಕ ನಿಂತ್ರ ಮಂದಿ ಏನಂದಾರು? ಖಂಡೆಪ್ಪ ದಿವಾಳಿ ಎದ್ದ ಅಂದಾರು." ಒಕ್ಕಲಿಗರಿಬ್ಬರೂ ಬೇರೆ ಕಡೆ ಮುಖ ತಿರುಗಿಸಿದರು. ಹೊನ್ನವ್ವ ಮಾತ್ರ ಕಿಟಕಿಯಿಂದ ಅವಳನ್ನೇ ದಿಟ್ಟಿಸುತ್ತಿದ್ದಳು.

"ನಿನ್ನ ಬಾಯಾಗ ಏನ ಆಗೈತಿ ತಂಗಿ?" ಎಂದಳು ಮುದುಕಿ.

ನಲಿನಿ ಸ್ಟ್ಯಾಂಡಿನ ಕಡೆ ತಿರುಗಿದಳು. ಟ್ರೇನಿಂಗಿನಲ್ಲಿ ಪಾಠ ಮಾಡುವಾಗಲೂ ಹಿಂದಿನ ಸಾಲಿನ ಹುಡುಗಿಯರಿಗೆ ಅವಳ ದನಿ ಕೇಳಿಸುತ್ತಿರಲಿಲ್ಲ. ಬಾಯಿ ತೆರೆದಳು. "ಮುದ್ದೇಬಿಹಾಳ," ಎಂದಳು. ದೇವರ ಮುಂದೆ ಬೇಡಿಕೊಂಡಷ್ಟೇ ಸಪ್ಪಳವಾಯಿತು. ಪಕ್ಕದಲ್ಲಿ ಮಲಗಿದ್ದ ನಾಯಿ ಕೂಡ ಕಿವಿ ಎತ್ತಲಿಲ್ಲ. ಇನ್ನೊಮ್ಮೆ ಕೂಗಿದಳು. ಹಣ್ಣಿನ ಗಾಡಿಯವನು ತಿರುಗಿ ನೋಡಿದ, ಅವನು ನೋಡಿದ್ದಕ್ಕೇ ಅವಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ಮುಖ ಕೆಂಡದಂತೆ ಸುಡುತ್ತಿತ್ತು. ಆಗ ಗಡಿಯಾರದ ಮೇಲೆ ಕಣ್ಣು ಹೋಯಿತು. ಮುಂದಿನ ಹೆಸರಿನವಳು, ಯಾರೋ ಏನೋ, ಈಗಾಗಲೇ ಆ ಸಾಲೆಯ ಕಟ್ಟೆಯ ಮೇಲೆ ಕೂತಿರಬಹುದು. ಮತ್ತೆ ಎರಡು ವರ್ಷ, ಮತ್ತೆ ಆ ಅಡಿಗೆಮನೆ, ಮತ್ತೆ ಊಟವಾದ ಕೂಡಲೇ ಆರುವ ಆ ಬಲ್ಬು.

"ಮುದ್ದೇಬಿಹಾಳ! ಮೂರ ಸೀಟು! ಮುದ್ದೇಬಿಹಾಳ!"

ಇಡೀ ಸ್ಟ್ಯಾಂಡು ತಿರುಗಿತು. ಕಾಸಿಂಸಾಬನ ಕೈಯಲ್ಲಿಯ ಬಶಿ ಅಲ್ಲೇ ನಿಂತಿತು. ಯಾರೋ ನಕ್ಕರು, ಯಾರೋ ಇದು ಯಾರ ಮನಿ ಹುಡುಗಿ ಎಂದರು. ನಲಿನಿಯ ಕಣ್ಣಿನಲ್ಲಿ ನೀರು ತುಂಬಿತ್ತು, ಆದರೆ ಗಂಟಲು ನಿಲ್ಲಲಿಲ್ಲ. ಒಮ್ಮೆ ಬಿಚ್ಚಿಕೊಂಡ ದನಿ ತಾನೇ ದಾರಿ ಹಿಡಿದು ಹೋಯಿತು. ಬಟ್ಟೆಯ ಗಂಟು ಹೊತ್ತ ಗಂಡಹೆಂಡತಿ ದಾರಿ ದಾಟಿ ಬಂದು ಹತ್ತಿದರು. ಏಳಾಯಿತು.

ಎಂಟನೆಯದಕ್ಕೆ ಯಾರೂ ಬರಲಿಲ್ಲ. ಏಳು ಜನರಿಗೆ ಬಿಡಿರೆಂದು ಕೇಳಿದರೆ ಕಾಸಿಂಸಾಬ ತಲೆ ಅಲ್ಲಾಡಿಸಿದ. ತಾನು ಕರಾರು ಮುರಿದರೆ ನಾಳೆ ಎಲ್ಲರೂ ಮುರಿಯುತ್ತಾರೆ ಎಂದ. ಅದೂ ಸುಳ್ಳಲ್ಲ. ನಲಿನಿ ರಸ್ತೆ ದಾಟಿ, ಬಸ್ಸಿಗೆಂದು ಕಾಯುತ್ತ ಕೂತವರ ಸಾಲಿನ ಎದುರು ನಿಂತಳು. ಎಲ್ಲ ಗಂಡಸರೇ. "ಮುದ್ದೇಬಿಹಾಳ, ಒಂದ ಸೀಟು, ಈಗ ಬಿಡ್ತದ!" ಎಂದು ಅವರ ಮುಖಕ್ಕೇ ಕೂಗಿದಳು. ಒಬ್ಬ ಎದ್ದ. ಅವನಿಗೆ ನಿಜವಾಗಿ ಹೋಗಬೇಕಾಗಿತ್ತೋ ಅಥವಾ ಈ ಹುಡುಗಿಯ ಎದುರು ಕೂತಿರಲಾರದೆ ಎದ್ದನೋ, ಅಂತೂ ಎದ್ದ. ಕಾಸಿಂಸಾಬ ಚಹಾದ ಬಶಿ ಇಟ್ಟು ಅಂಗಿಯ ಚುಂಗಿಗೆ ಕೈ ಒರೆಸಿಕೊಂಡ.

ದಾರಿಯಲ್ಲಿ ಮತ್ತೆ ಅದೇ ಇಳಿಜಾರು, ಅದೇ ಬಂದ್ ಮಾಡುವ ಚಾವಿ. ಬಿಸಿಲು ಹಳದಿಗೆ ತಿರುಗಿತ್ತು. ಕೊಯ್ದ ಜೋಳದ ಹೊಲಗಳ ಮೇಲೆ ನೆರಳು ಉದ್ದವಾಗುತ್ತಿತ್ತು. ಒಂದು ಏರಿನ ಬುಡದಲ್ಲಿ ಗಾಡಿ ಆಮೆಯಂತೆ ತೆವಳುವಾಗ ನಲಿನಿಗೆ ತಡೆಯಲಾಗಲಿಲ್ಲ.

"ಇಂಜಿನ್ನು ಹಚ್ಚರಿ," ಎಂದಳು. ದನಿ ಒಡೆದಿತ್ತು, ಆದರೂ ಕಾರಿನ ತುಂಬ ಕೇಳಿಸಿತು.

"ಹಚ್ಚೋ ಕಾಸಿಮಾ," ಎಂದಳು ಹೊನ್ನವ್ವ. "ಆ ಕೂಸು ನಿನ್ನ ಗಾಡಿ ತುಂಬೇತಿ. ನೀ ಒಂದ ಹನಿ ಎಣ್ಣಿ ಸುಡಾಕ ಸಾಯತಿ." ಖಂಡೆಪ್ಪನೂ ಗಂಟಲು ಸರಿಮಾಡಿಕೊಂಡು ಹೌದೌದು, ಜೋರ ಹೊಡಿ ಎಂದ. ಕಾಸಿಂಸಾಬ ಏನೂ ಅನ್ನದೆ ಚಾವಿ ತಿರುವಿದ. ಅಲ್ಲಿಂದ ಮುಂದೆ ಅವನು ಒಂದು ಇಳಿಜಾರಿನಲ್ಲೂ ಇಂಜಿನ್ನು ಆರಿಸಲಿಲ್ಲ.

ಸಾಲೆಯ ಹತ್ತಿರ ಕಾರು ನಿಂತಾಗ ಹುಡುಗಿಯರೆಲ್ಲ ಹೋಗಿಯಾಗಿತ್ತು. ಹೆಡ್‌ಮಿಸ್ಟ್ರೆಸ್ ಇಂದುಬಾಯಿ ಆಫೀಸಿನ ಬಾಗಿಲಿಗೆ ಕೀಲಿ ಹಾಕಲು ಕೈ ಎತ್ತಿದ್ದರು. ಐವತ್ತರ ಹೆಂಗಸು, ಕನ್ನಡಕ, ಹಣೆಯಲ್ಲಿ ವಿಭೂತಿ. ನಲಿನಿ ಓಡಿ ಹೋಗಿ ಎದುರು ನಿಂತು ಹೆಸರು ಹೇಳಬೇಕೆಂದರೆ ದನಿಯೇ ಹೊರಡಲಿಲ್ಲ. ಗಂಟಲು ಪೂರ್ತಿ ಕೂತುಹೋಗಿತ್ತು. ಕಡೆಗೆ ಉಸಿರಿನಲ್ಲೇ ಹೇಳಿದಳು.

"ಆರ್ಡರ ಎಲ್ಲಿ ಐತಿ?"

"ಸಿಂದಗಿಯಾಗ ಅದರಿ."

ಇಂದುಬಾಯಿ ಕನ್ನಡಕ ಕೆಳಗಿಳಿಸಿ ನೋಡಿದರು. ನಕಲು ನನ್ನ ಹತ್ತಿರ ಇದೆ, ಆದರೆ ನೀನೇ ಆ ನಲಿನಿ ಎಂದು ನಾನು ಹೇಗೆ ನಂಬಬೇಕು, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರು. ನಲಿನಿ ಕಾರಿನ ಕಡೆ ನೋಡಿದಳು. ಅಷ್ಟರಲ್ಲಿ ಖಂಡೆಪ್ಪ ಕಾರಿನಿಂದ ಇಳಿದು, ಪಟಕಾ ಸರಿಮಾಡಿಕೊಂಡು ಒಳಗೆ ಬಂದ. ಊರಿನಲ್ಲಿ ಅವನ ಪರಿಚಯ ಇಲ್ಲದವರೇ ಇರಲಿಲ್ಲ.

"ಈಕೀ ಹೆಸರ ನನಗ ಗೊತ್ತಿಲ್ರಿ ಬಾಯಾರ," ಎಂದ. "ಆದ್ರ ಬಾಗೇವಾಡಿ ಸ್ಟ್ಯಾಂಡಿನಾಗ ನಿಂತ ಕೂಗಿ ಕೂಗಿ ನಮ್ಮ ಗಾಡಿ ಬಿಡಿಸ್ಯಾಳ. ನಾ ಕೂಗಂದ್ರ ಕೂಗಲಿಲ್ಲ. ಸುಳ್ಳ ನೌಕರಿಗೆ ಯಾರೂ ಹಂಗ ಕೂಗೂದಿಲ್ಲ ಅಂತ ನನಗ ಅನಸ್ತೈತಿ."

ಇಂದುಬಾಯಿ ಕೀಲಿ ತೆಗೆದರು. ಫೈಲಿನಲ್ಲಿ ಅವಳ ಅರ್ಜಿ ಇತ್ತು, ಕೆಳಗೆ ಅವಳ ರುಜು. ಒಂದು ಕಾಗದ ಕೊಟ್ಟು ರುಜು ಮಾಡೆಂದರು. ನಲಿನಿ ಅವಸರದಲ್ಲಿ ಗೀಚಿದ ಮೊದಲನೆಯದು ಹೊಂದಲಿಲ್ಲ. ಇಂದುಬಾಯಿ ತಾವೇ ಒಂದು ತಂಬಿಗೆ ನೀರು ತಂದುಕೊಟ್ಟು ಕುಡಿದು ಬರಿ ಎಂದರು. ಎರಡನೆಯದು ಹೊಂದಿತು. ಆಗ ಅವರು ಹಾಜರಿ ಪುಸ್ತಕ ತೆರೆದು ಅವಳ ಮುಂದಿಟ್ಟರು. ಮೂಲ ಕಾಗದ ಬೇಗ ತರಬೇಕು, ಇವತ್ತು ನಮ್ಮ ಮನೆಗೇ ನಡೆ ಎಂದರು.

ನೌಕರಿಯ ಚಿಂತೆ ಹೋಯಿತು, ತಂದೆಯ ಚಿಂತೆ ಹತ್ತಿತು. ಮರುದಿನ ಮುಂಜಾನೆಯೂ ಅವರು ಬರಲಿಲ್ಲ. ಪಾಠಗಳ ನಡುವೆ ನಲಿನಿ ಹತ್ತು ಸಲ ರಸ್ತೆ ನೋಡಿದಳು. ಇನ್ನೂ ಒಂದು ಭಯ ಒಳಗೇ ಕೊರೆಯುತ್ತಿತ್ತು. ಬಾಗೇವಾಡಿಯಲ್ಲಿ ಆದದ್ದು ಅವರಿಗೆ ಗೊತ್ತಾದರೆ ಈ ನೌಕರಿಯೂ ಬೇಡ ಏನೂ ಬೇಡ, ನಡಿ ಮನಿಗೆ ಎಂದುಬಿಡುತ್ತಾರೆ. ಅವರು ಹಾಗೆಂದರೆ ಬರಲ್ಲ ಎನ್ನುವ ಧೈರ್ಯ ಅವಳಲ್ಲಿ ಇನ್ನೂ ಇರಲಿಲ್ಲ.

ರಾಯರು ಬಂದದ್ದು ಮಧ್ಯಾಹ್ನದ ಸುಟ್ಟಿಯಲ್ಲಿ. ಧೋತರಕ್ಕೆ ಧೂಳು, ಮುಖದ ಮೇಲೆ ಎರಡು ದಿನದ ಗಡ್ಡ, ಎದೆಗೆ ಅವಚಿಕೊಂಡ ಚೀಲ. ಮಗಳು ಹಾಜರಾದಳೆಂದು ಕೇಳಿದ್ದೇ ಸಾಲೆಯ ಕಟ್ಟೆಯ ಮೇಲೆ ಕುಸಿದು ಕೂತರು. ಇಡೀ ರಾತ್ರಿ ಸಿಂದಗಿಯಲ್ಲಿ ಕಣ್ಣಿಗೆ ಕಣ್ಣು ಹತ್ತಿಸಿಲ್ಲವೆಂದರು. ಮುಂಜಾನೆ ಬಾಗೇವಾಡಿಗೆ ಬಂದರೆ ಅಲ್ಲಿ ಗಾಡಿ ತುಂಬಲೇ ಇಲ್ಲವಂತೆ.

"ಆ ಡ್ರೈವರ ಅಂತಾನ, ರಾಯರ, ನಿನ್ನೆ ಯಾವಾಕೀನೋ ಹುಡುಗಿ ಇಲ್ಲೇ ನಿಂತು ಕೂಗಿ ಗಾಡಿ ತುಂಬಿದ್ಲು, ನೀವೂ ಕೂಗ್ರಿ, ಅಂತ. ಬಾಜಾರದಾಗ, ಗಂಡಸರ ಮುಂದ! ಎಂಥಾ ಮನೀ ಹುಡುಗಿನೋ, ಹೇಳವರು ಕೇಳವರು ಯಾರೂ ಇಲ್ಲ ಕಾಣಿಸ್ತದ." ರಾಯರು ತಲೆ ಎತ್ತಿದರು. "ನಿನ್ನ ದನಿಗೆ ಏನಾಗೇದ? ನೆಗಡಿ ಬಂದದೇನು?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ರಾಯರು ಒಂದು ಶುಂಠಿಯ ಕಷಾಯ ಹೇಳಿ ಸಂಜೆಯ ಗಾಡಿಗೆ ಸುಖವಾಗಿ ಇಂಡಿಗೆ ಹೋಗುತ್ತಿದ್ದರು. ನಲಿನಿ ಕಂಬವನ್ನು ಹಿಡಿದುಕೊಂಡಳು.

"ನೆಗಡಿ ಅಲ್ಲರಿ ಅಪ್ಪಾ. ಆ ಹುಡುಗಿ ನಿಮ್ಮ ಮನೀದ."

ರಾಯರು ಅವಳನ್ನು ನೋಡಿದರು. ಅಂಗಳದಲ್ಲಿ ಹುಡುಗಿಯರು ಗದ್ದಲ ಮಾಡುತ್ತಿದ್ದರು, ಗಂಟೆ ಹೊಡೆಯಿತು, ಗದ್ದಲ ಅಡಗಿತು. ನಲಿನಿ ತರಗತಿಗೆ ಹೋಗಬೇಕಿತ್ತು, ಅಲ್ಲೇ ನಿಂತಳು.

"ನಾನೂ ಕೂಗಿದೆ," ಎಂದರು ರಾಯರು ಕೊನೆಗೆ, ನೆಲ ನೋಡುತ್ತ. "ನೀ ಇಲ್ಲೆ ಒಬ್ಬಾಕೀನ ಏನ ಮಾಡ್ಲಿಕ್ಕತ್ತೀಯೋ ಅಂತ ಜೀವಾ ತಡೀಲಿಲ್ಲ. ಎರಡ ಸಲ ಕೂಗಿದೆ, ನಲೂ. ಒಬ್ಬರೂ ತಿರುಗಿ ನೋಡಲಿಲ್ಲ."

ಅವರು ಎದ್ದು, ಧೋತರದ ಧೂಳು ಕೊಡವಿಕೊಂಡು, ಚೀಲವನ್ನು ಅವಳ ಕೈಗಿತ್ತರು. ಎರಡು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದರು.

"ಸಾಲಿ ಬಿಟ್ಟ ಮ್ಯಾಲೆ ಸ್ಟ್ಯಾಂಡಿಗೆ ಬಾ. ಬಾಗೇವಾಡಿ ಗಾಡಿ ತುಂಬಬೇಕು."